ದ್ವೀಪದ ಮಣ್ಣಿಗೆ ಕೈ ಹಾಕುವ ಮುನ್ನ

1950ರಲ್ಲಿ ಕೆನೆತ್ ಎಮೊರಿ ಹವಾಯಿ ವಿಶ್ವವಿದ್ಯಾಲಯದಲ್ಲಿ ಪುರಾತತ್ವದ ಪಾಠ ಹೇಳಲು ಒಪ್ಪಿಕೊಂಡರು. ಹೊನೊಲುಲುವಿನ ಬಿಷಪ್ ಮ್ಯೂಸಿಯಂನಲ್ಲಿ ದಶಕಗಳಿಂದ ಇದ್ದ ಎಮೊರಿ ಪಾಲಿನೇಷ್ಯಾದ ದ್ವೀಪಗಳನ್ನು ಸುತ್ತಿ ಗುಡಿಗಳ ಕಲ್ಲಿನ ಜಗಲಿಗಳನ್ನು ಅಳೆದವರು, ಹಿರಿಯರ ಬಾಯಿಂದ ಕಥೆ ಬರೆದುಕೊಂಡವರು. ನೆಲ ಅಗೆದದ್ದು ಮಾತ್ರ ಕಡಿಮೆ. ಅಗೆದು ಪ್ರಯೋಜನವಿಲ್ಲ ಎಂಬುದು ಆಗಿನ ವಿದ್ವಾಂಸರ ಸಾಮಾನ್ಯ ಅಭಿಪ್ರಾಯವಾಗಿತ್ತು. ಜನ ಈ ದ್ವೀಪಗಳಿಗೆ ಬಂದದ್ದೇ ಇತ್ತೀಚೆಗೆ, ಮಣ್ಣು ಪದರ ಕಟ್ಟುವಷ್ಟು ಕಾಲವೇ ಕಳೆದಿಲ್ಲ, ಇನ್ನು ಸಿಗುವುದೇನು ಎಂಬ ಲೆಕ್ಕ. ವಿದ್ಯಾರ್ಥಿಗಳಿಗೆ ಕೈಕೆಲಸ ರೂಢಿಯಾಗಲಿ ಎಂದು ಎಮೊರಿ ಅವರನ್ನು ಒವಾಹು ದ್ವೀಪದ ಕುಲಿಓಉಓಉ ಎಂಬಲ್ಲಿನ ಒಂದು ಕಲ್ಲಾಸರೆಗೆ ಕರೆದೊಯ್ದರು.

ಹುಡುಗರು ಅಗೆದರು. ಮೀನಿನ ಗಾಳಗಳು ಬಂದವು, ಚಿಪ್ಪು ಬಂತು, ಒಲೆಯ ಇದ್ದಿಲು ಬಂತು. ಅದೇ ಹೊತ್ತಿಗೆ ಶಿಕಾಗೋದಲ್ಲಿ ವಿಲರ್ಡ್ ಲಿಬ್ಬಿ ಇಂಗಾಲದ ವಿಕಿರಣವನ್ನು ಅಳೆದು ಹಳೆಯ ಇದ್ದಿಲಿನ ವಯಸ್ಸು ಹೇಳುವ ವಿಧಾನ ಕಂಡುಹಿಡಿದಿದ್ದರು. ಎಮೊರಿ ಒಂದಿಷ್ಟು ಇದ್ದಿಲನ್ನು ಪೊಟ್ಟಣ ಕಟ್ಟಿ ಕಳಿಸಿದರು. ಉತ್ತರ ಬಂತು: ಕ್ರಿ.ಶ. 1004, ಹಿಂದೆ ಮುಂದೆ 180 ವರ್ಷ. ಪಾಲಿನೇಷ್ಯಾದ ನೆಲದಿಂದ ಬಂದ ಮೊದಲ ಇಂಗಾಲ ಕಾಲನಿರ್ಣಯ ಇದು. ಅಂಕಿ ಇಂದಿನ ಪ್ರಯೋಗಾಲಯಗಳ ಕಣ್ಣಿಗೆ ಬಲು ಒರಟು. ಆದರೆ ಕಾಲು ಶತಮಾನದ ಊಹಾಪೋಹ ಮಾಡಲಾಗದ್ದನ್ನು ಅದು ಮಾಡಿತು, ದ್ವೀಪಗಳ ನೆಲದಲ್ಲಿ ಕಾಲ ಪದರ ಕಟ್ಟಿಕೊಂಡು ಕೂತಿದೆ ಎಂದು ತೋರಿಸಿತು. ಅಗೆದವರು ಪರೀಕ್ಷೆಗೆ ಓದುತ್ತಿದ್ದ ವಿದ್ಯಾರ್ಥಿಗಳು.

ಮುಂದೆ 1954ರಲ್ಲಿ ಯೊಶಿಹಿಕೊ ಸಿನೊಟೊ ಎಂಬ ಜಪಾನಿ ತರುಣ ಓದಲೆಂದು ಕ್ಯಾಲಿಫೋರ್ನಿಯಾದ ಹಡಗು ಹತ್ತಿದ್ದರು. ನಡುವೆ ಹವಾಯಿಯಲ್ಲಿ ಇಳಿದು, ದೊಡ್ಡ ದ್ವೀಪದ ದಕ್ಷಿಣ ತುದಿಯಲ್ಲಿ ಎಮೊರಿಯವರ ಗುಂಪು ಅಗೆಯುತ್ತಿದ್ದುದನ್ನು ನೋಡಲು ಹೋದರು. ಎಮೊರಿ ಅವರನ್ನು ಬಿಡಲಿಲ್ಲ. ಕ್ಯಾಲಿಫೋರ್ನಿಯಾ ತಪ್ಪಿತು, ಬಿಷಪ್ ಮ್ಯೂಸಿಯಂ ಜೀವಮಾನದ ನೌಕರಿಯಾಯಿತು. ಹವಾಯಿಯ ನೆಲದಲ್ಲಿ ಮಡಕೆಯ ಚೂರು ಸಿಗುವುದಿಲ್ಲ. ಅಲ್ಲಿನ ಜನ ಮಡಕೆ ಮಾಡುತ್ತಿರಲಿಲ್ಲ. ಬೇರೆ ಕಡೆ ಬೋಕಿಗಳು ಹೇಳುವ ಕಾಲಾನುಕ್ರಮವನ್ನು ಇಲ್ಲಿ ಮೀನಿನ ಗಾಳಗಳು ಹೇಳಬೇಕು. ಮೂಳೆಯ ಗಾಳ, ಚಿಪ್ಪಿನ ಗಾಳ, ಒಂದೇ ತುಂಡಿನದು, ಎರಡು ತುಂಡು ಸೇರಿಸಿ ಕಟ್ಟಿದ್ದು, ನೂಲು ಕಟ್ಟುವ ತಲೆಯ ಆಕಾರ ಹೇಗಿದೆ ಎಂದು ಸಾವಿರಾರು ಗಾಳಗಳನ್ನು ವಿಂಗಡಿಸಿ ಎಮೊರಿ, ಅವರ ಸಂಗಡಿಗ ಬಾಂಕ್, ಸಿನೊಟೊ ಮೂವರೂ 1959ರಲ್ಲಿ ಪುಸ್ತಕ ಮಾಡಿದರು. 1972ರಲ್ಲಿ ತಹಿತಿಯ ಸಮೀಪದ ಹುವಾಹಿನೆ ದ್ವೀಪದಲ್ಲಿ ಒಂದು ಹೋಟೆಲಿನ ಕೊಳ ತೋಡುತ್ತಿದ್ದ ಕೆಲಸಗಾರರಿಗೆ ತಿಮಿಂಗಿಲದ ಮೂಳೆಯ ಗದೆ ಸಿಕ್ಕಿದಾಗ ಅದರ ಬೆಲೆ ಗುರುತಿಸಿದವರೂ ಇದೇ ಸಿನೊಟೊ. ಹಳೆಯ ದೋಣಿಯ ಹಲಗೆಗಳು ಅಲ್ಲಿನ ಕೆಸರಿನಲ್ಲಿ ಹಾಳಾಗದೆ ಉಳಿದಿದ್ದವು.

ಇಂಥ ಕಥೆ ಕೇಳಿದರೆ ಯಾರಿಗಾದರೂ ಟಿಕೆಟ್ ಕೊಳ್ಳುವ ಮನಸ್ಸಾಗುತ್ತದೆ. ವಿದ್ಯಾರ್ಥಿ, ದಾರಿಹೋಕ, ಕೊಳ ತೋಡುವ ಕೂಲಿ, ಎಲ್ಲರಿಗೂ ಪೆಸಿಫಿಕ್‌ನ ಚರಿತ್ರೆಯಲ್ಲಿ ಪಾಲಿದೆ ಅನ್ನಿಸುತ್ತದೆ. ಪಾಲು ಇರುವುದು ನಿಜ. ಆದರೆ ಬಾಗಿಲು ಕಾಯುವವರು ಈಗ ಬದಲಾಗಿದ್ದಾರೆ. ಹೇಗೆ ಬದಲಾದರು ಎಂಬುದನ್ನು ತಿಳಿಯದೆ ಉತ್ಖನನ ಶಿಬಿರಕ್ಕೆ ಅರ್ಜಿ ಹಾಕುವವರು ಬಾಗಿಲಲ್ಲೇ ಉಳಿಯುತ್ತಾರೆ.

ವನುವಾಟುವಿನಿಂದ ಶುರು ಮಾಡೋಣ. ಆಸ್ಟ್ರೇಲಿಯಾದ ಈಶಾನ್ಯಕ್ಕೆ ಚೆಲ್ಲಿದಂತಿರುವ ಈ ದ್ವೀಪಮಾಲೆ ಬ್ರಿಟನ್ ಮತ್ತು ಫ್ರಾನ್ಸ್‌ಗಳ ಜಂಟಿ ಆಳ್ವಿಕೆಯಿಂದ 1980ರಲ್ಲಿ ಬಿಡುಗಡೆಯಾಯಿತು. ಜನಸಂಖ್ಯೆ ಮೂರು ಲಕ್ಷದ ಆಸುಪಾಸು. ಭಾಷೆಗಳು 100ಕ್ಕೂ ಹೆಚ್ಚು. ಸ್ವಾತಂತ್ರ್ಯ ಬಂದ ಕೆಲವೇ ವರ್ಷಕ್ಕೆ ಸರ್ಕಾರ ಹೊರಗಿನ ಸಂಶೋಧಕರಿಗೆ ಬಾಗಿಲು ಹಾಕಿತು. ಸುಮಾರು 1985ರಿಂದ 1994ರವರೆಗೆ ಮಾನವಶಾಸ್ತ್ರ, ಪುರಾತತ್ವದಂಥ ವಿಷಯಗಳಲ್ಲಿ ವಿದೇಶಿಯರಿಗೆ ಅಲ್ಲಿ ಅನುಮತಿ ಇರಲಿಲ್ಲ. ಬಂದವರು ಹಾಡು, ಕಥೆ, ಮೂಳೆ, ಮುಖವಾಡ ಎಲ್ಲ ಕಟ್ಟಿಕೊಂಡು ಹೋಗುತ್ತಾರೆ, ಪುಸ್ತಕ ಬರೆದು ದೊಡ್ಡವರಾಗುತ್ತಾರೆ, ಊರಿಗೆ ಒಂದು ಪ್ರತಿಯೂ ಬರುವುದಿಲ್ಲ ಎಂಬ ಬೇಸರ ಜನರಲ್ಲಿತ್ತು. ವಿಶ್ವವಿದ್ಯಾಲಯಗಳು ಗೊಣಗಿದವು. ನನ್ನನ್ನು ಕೇಳಿದರೆ ಪೆಸಿಫಿಕ್ ಪುರಾತತ್ವಕ್ಕೆ ಆ ಹತ್ತು ವರ್ಷದ ಬೀಗದಷ್ಟು ಒಳ್ಳೆಯದನ್ನು ಮಾಡಿದ ಉತ್ಖನನಗಳು ಕಡಿಮೆ.

ಬಾಗಿಲು ಮುಚ್ಚಿದ್ದಾಗ ಮನೆಯ ಒಳಗೆ ಕೆಲಸ ನಡೆದೇ ಇತ್ತು. ರಾಜಧಾನಿ ಪೋರ್ಟ್ ವಿಲಾದ ವನುವಾಟು ಸಾಂಸ್ಕೃತಿಕ ಕೇಂದ್ರ ಊರೂರಿನಿಂದ ಕ್ಷೇತ್ರಕಾರ್ಯಕರ್ತರನ್ನು ಆರಿಸಿಕೊಂಡಿತ್ತು. ಇವರಿಗೆ ಸಂಬಳವಿಲ್ಲ. ತಮ್ಮ ಊರಲ್ಲೇ ಇದ್ದು, ತೋಟ ಮಾಡಿಕೊಂಡು, ಬಿಡುವಿನಲ್ಲಿ ಹಿರಿಯರ ಮಾತು, ಜಾಗಗಳ ಹೆಸರು, ಹಳೆಯ ಊರುಗಳ ನೆಲೆ, ಯಾವ ಬೇರು ಯಾವ ಕಾಯಿಲೆಗೆ ಎಂಬುದನ್ನೆಲ್ಲ ದಾಖಲಿಸುವವರು. ವರ್ಷಕ್ಕೊಮ್ಮೆ ಎಲ್ಲರೂ ಕೂಡಿ ಒಂದು ವಿಷಯ ಹಿಡಿದು, ತಮ್ಮ ತಮ್ಮ ದ್ವೀಪದಲ್ಲಿ ಅದು ಹೇಗೆ ಎಂದು ಒಬ್ಬರಾದ ಮೇಲೊಬ್ಬರು ವರದಿ ಒಪ್ಪಿಸುತ್ತಾರೆ. ಮೊದಲು ಗಂಡಸರಷ್ಟೇ ಇದ್ದರು; 1994ರಿಂದ ಹೆಂಗಸರ ಬಳಗವೂ ಬೇರೆಯಾಗಿ ಸೇರುತ್ತಿದೆ. ಹೊರಗಿನ ಸಂಶೋಧಕರನ್ನು ಮತ್ತೆ ಒಳಗೆ ಬಿಟ್ಟಾಗ ಷರತ್ತುಗಳು ಸಿದ್ಧವಾಗಿದ್ದವು. ರಾಷ್ಟ್ರೀಯ ಸಾಂಸ್ಕೃತಿಕ ಮಂಡಳಿಯ ಪರವಾನಗಿ ಬೇಕು, ಊರಿನವರ ಒಪ್ಪಿಗೆ ಬೇಕು, ಸ್ಥಳೀಯರಿಗೆ ತರಬೇತಿ ಕೊಡಬೇಕು, ಊರಿಗೆ ಉಪಯೋಗವಾಗುವ ಏನಾದರೊಂದನ್ನು ಮಾಡಿಕೊಡಬೇಕು, ಬರೆದದ್ದರ ಪ್ರತಿಯನ್ನು ಕೇಂದ್ರಕ್ಕೆ ಸಲ್ಲಿಸಬೇಕು.

ಈ ಏರ್ಪಾಟಿನ ಫಲ ಸಿಕ್ಕಿದ್ದು ತೆಯೂಮಾದಲ್ಲಿ. 2003ರ ಕೊನೆಗೆ ಎಫಾಟೆ ದ್ವೀಪದ ದಕ್ಷಿಣ ಕರಾವಳಿಯ ಈ ಜಾಗದಲ್ಲಿ ಸಿಗಡಿ ಸಾಕಣೆಯ ಕೆಲಸಕ್ಕೆಂದು ಬುಲ್ಡೋಜರ್ ಮಣ್ಣು ಎತ್ತುತ್ತಿತ್ತು. ಮಣ್ಣಿನಲ್ಲಿ ಚಿತ್ತಾರವಿದ್ದ ಒಂದು ಮಡಕೆ ಚೂರು ಕಾಣಿಸಿತು. ಯಾರೂ ಅದನ್ನು ಒದ್ದು ಆಚೆ ಹಾಕಲಿಲ್ಲ. ಅದು ಕೈಯಿಂದ ಕೈಗೆ ಸಾಗಿ ಸಾಂಸ್ಕೃತಿಕ ಕೇಂದ್ರವನ್ನು ಮುಟ್ಟಿತು. ನೋಡಿದವರಿಗೆ ಎದೆ ಝಲ್ಲೆಂದಿರಬೇಕು. ಅದು ಲಪಿಟಾ ಮಡಕೆ.

ಲಪಿಟಾ ಎಂದರೆ ಪೆಸಿಫಿಕ್ ಚರಿತ್ರೆಯ ಮೊದಲ ಅಧ್ಯಾಯ. ಸುಮಾರು 3300 ವರ್ಷಗಳ ಹಿಂದೆ ನ್ಯೂ ಗಿನಿಯ ಪೂರ್ವಕ್ಕಿರುವ ಬಿಸ್ಮಾರ್ಕ್ ದ್ವೀಪಗಳಲ್ಲಿ ಒಂದು ಬಗೆಯ ಮಡಕೆ ಕಾಣಿಸಿಕೊಳ್ಳುತ್ತದೆ. ಹಸಿ ಮಣ್ಣಿನ ಮೇಲೆ ಹಲ್ಲು ಹಲ್ಲಾದ ಅಚ್ಚು ಒತ್ತಿ ಮೂಡಿಸಿದ ಚುಕ್ಕಿಸಾಲಿನ ವಿನ್ಯಾಸ, ಕೆಲವದರಲ್ಲಿ ಮನುಷ್ಯನ ಮುಖ. ಕೆಲವೇ ಶತಮಾನಗಳಲ್ಲಿ ಅದೇ ಚುಕ್ಕಿಸಾಲು ವನುವಾಟು, ನ್ಯೂ ಕ್ಯಾಲೆಡೋನಿಯಾ, ಫಿಜಿ, ಟೋಂಗಾ, ಸಮೋವಾವರೆಗೆ ಸಿಗುತ್ತದೆ. ಸಾಲೊಮನ್ ದ್ವೀಪಗಳಾಚೆಯ ಆ ಸಮುದ್ರದಲ್ಲಿ ಅದಕ್ಕೆ ಮೊದಲು ಮನುಷ್ಯರು ಕಾಲಿಟ್ಟಿರಲಿಲ್ಲ. ಹಂದಿ, ಕೋಳಿ ಮಾತ್ರವಲ್ಲ, ನಮ್ಮ ಮಲೆನಾಡಿನವರು ಎಲೆಯಿಂದ ಪತ್ರೊಡೆ ಮಾಡುವ ಕೆಸುವಿನ ಗೆಡ್ಡೆಯೂ ಅವರ ದೋಣಿಯಲ್ಲಿತ್ತು. ಏಷ್ಯಾದ ತೇವದ ನೆಲದಿಂದ ಹೊರಟ ಆ ಸಸ್ಯ ಮುಂದೆ ಹವಾಯಿಯ ನೀರಾವರಿ ಗದ್ದೆಗಳವರೆಗೂ ಹೋಯಿತು.

ತೆಯೂಮಾದಲ್ಲಿ ಸಿಕ್ಕಿದ್ದು ಬರೀ ಮಡಕೆಯಲ್ಲ, 3000 ವರ್ಷ ಹಳೆಯ ಸ್ಮಶಾನ. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಮ್ಯಾಥ್ಯೂ ಸ್ಪ್ರಿಗ್ಸ್, ಸ್ಟೂಅರ್ಟ್ ಬೆಡ್‌ಫೋರ್ಡ್ ಮತ್ತು ಸಾಂಸ್ಕೃತಿಕ ಕೇಂದ್ರದವರು 2004ರಿಂದ ಹಲವು ವರ್ಷ ಅಗೆದರು. 60ಕ್ಕೂ ಹೆಚ್ಚು ಸಮಾಧಿಗಳು ಸಿಕ್ಕವು. ಅಸ್ಥಿಪಂಜರಗಳಿಗೆ ತಲೆಯಿರಲಿಲ್ಲ. ದೇಹ ಕೊಳೆತ ಮೇಲೆ ಮತ್ತೆ ಗುಂಡಿ ತೆರೆದು ತಲೆಬುರುಡೆಯನ್ನು ಎತ್ತಿಕೊಳ್ಳುವುದು ಆ ಜನರ ಪದ್ಧತಿ. ಒಬ್ಬನ ಎದೆಯ ಮೇಲೆ ಬೇರೆ ಮೂವರ ತಲೆಬುರುಡೆಗಳನ್ನು ಇಟ್ಟಿದ್ದರು. ಒಂದು ಮಡಕೆಯ ಅಂಚಿನಲ್ಲಿ ಮಣ್ಣಿನ ಹಕ್ಕಿಗಳು ಕೂತು ಒಳಗೆ ಇಣುಕುತ್ತಿದ್ದವು.

ಸಿಕ್ಕ ಕೆಲವೇ ತಲೆಬುರುಡೆಗಳು ಮುಂದೆ ದೊಡ್ಡ ಕೆಲಸಕ್ಕೆ ಬಂದವು. ಬಿಸಿಲು, ತೇವ ಹೆಚ್ಚಿರುವ ದೇಶದಲ್ಲಿ ಹಳೆಯ ಮೂಳೆಯ ಡಿಎನ್‌ಎ ಬೇಗ ಹಾಳಾಗುತ್ತದೆ. ಆದರೆ ಒಳಕಿವಿಯನ್ನು ಸುತ್ತುವರಿದ ಮೂಳೆ ದೇಹದಲ್ಲೇ ಗಟ್ಟಿ. ಅಲ್ಲಿ ಒಂದಿಷ್ಟು ಉಳಿದಿರುತ್ತದೆ. 2016ರಲ್ಲಿ ತೆಯೂಮಾದ ಮೂವರ ಮತ್ತು ಟೋಂಗಾದ ಒಬ್ಬರ ಡಿಎನ್‌ಎ ಫಲಿತಾಂಶ ಪ್ರಕಟವಾಯಿತು. ಇಂದಿನ ವನುವಾಟು ಜನರಲ್ಲಿ ಧಾರಾಳವಾಗಿರುವ ನ್ಯೂ ಗಿನಿ ಕಡೆಯ ವಂಶಾಂಶ ಈ ಮೊದಲಿಗರಲ್ಲಿ ಇರಲಿಲ್ಲವೆನ್ನುವಷ್ಟು ಕಡಿಮೆ. ಅವರ ಹತ್ತಿರದ ನೆಂಟರು ತೈವಾನಿನ ಮೂಲನಿವಾಸಿಗಳು ಮತ್ತು ಫಿಲಿಪ್ಪೀನ್ಸ್‌ನ ಗುಡ್ಡಗಾಡಿನವರು. ನ್ಯೂ ಗಿನಿ ಕಡೆಯವರು ಬಂದು ಬೆರೆತದ್ದು ಆಮೇಲೆ. ಆದರೂ ಭಾಷೆಗಳು ಮೊದಲಿಗರವೇ ಉಳಿದವು, ಇದು ಇನ್ನೂ ಪೂರ್ತಿ ಬಿಡಿಸದ ಒಗಟು. ಇಷ್ಟೆಲ್ಲಕ್ಕೂ ಮೂಲ ಬುಲ್ಡೋಜರ್ ಎಬ್ಬಿಸಿದ ಒಂದು ಬೋಕಿ. ಅದನ್ನು ತೆಗೆದುಕೊಂಡು ಹೋಗಿ ಕೊಡಲು ದೇಶದೊಳಗೇ ಒಂದು ವಿಳಾಸವಿತ್ತು ಎಂಬುದು ಇಲ್ಲಿ ಬಹಳ ಮುಖ್ಯ.

ವನುವಾಟುವಿನ ಇನ್ನೊಂದು ಪ್ರಸಂಗದಲ್ಲಿ ಊರಿನವರ ಮಾತೇ ಗುದ್ದಲಿಗೆ ದಾರಿ ತೋರಿಸಿತು. ಎಫಾಟೆಯ ಜನ ರಾಯ್ ಮಾತಾ ಎಂಬ ದೊಡ್ಡ ಮುಖಂಡನ ಕಥೆ ಹೇಳುತ್ತಿದ್ದರು. ಜಗಳವಾಡುತ್ತಿದ್ದ ಕುಲಗಳನ್ನು ಒಂದುಗೂಡಿಸಿದವನು ಅವನು. ತಮ್ಮನ ವಿಷದ ಬಾಣಕ್ಕೆ ಸಿಕ್ಕಿ ಸತ್ತ; ಅವನನ್ನು ಪಕ್ಕದ ಪುಟ್ಟ ದ್ವೀಪಕ್ಕೆ ಒಯ್ದು ಹೂಳಿದರು; ಬೇರೆ ಬೇರೆ ಕುಲದವರು ಅವನೊಂದಿಗೆ ಜೀವಸಹಿತ ಸಮಾಧಿಯಾದರು. ಆ ದ್ವೀಪದಲ್ಲಿ ಅಂದಿನಿಂದ ಯಾರೂ ವಾಸ ಮಾಡುವುದಿಲ್ಲ. 1967ರಲ್ಲಿ ಫ್ರಾನ್ಸ್‌ನ ಜೋಸೆ ಗರಾಂಜೆ ಕಥೆಯನ್ನು ಕಥೆಯೆಂದು ತಳ್ಳಿಹಾಕದೆ, ಜನ ತೋರಿಸಿದ ನೆಟ್ಟಗಲ್ಲುಗಳ ಬುಡದಲ್ಲಿ ಅಗೆದರು. ನಡುವೆ ಒಬ್ಬ ಗಂಡಸು, ಅವನ ಸುತ್ತ ಸುಮಾರು 50 ಜನ, ಅವರಲ್ಲಿ ಹಲವರು ಗಂಡು ಹೆಣ್ಣು ಜೋಡಿಯಾಗಿ ತಬ್ಬಿದಂತೆ ಮಲಗಿದ್ದರು. ಕಥೆ ಹೇಳಿದ ಹಾಗೆಯೇ ನೆಲವೂ ಹೇಳಿತು. ಈಗಿನ ಲೆಕ್ಕದಲ್ಲಿ ಅದು 1600ರ ಸುಮಾರಿನ ಘಟನೆ, ಅಂದರೆ ಬರಹವಿಲ್ಲದ ಜನ ಅದನ್ನು ನಾಲ್ಕು ಶತಮಾನ ನೆನಪಿನಲ್ಲಿ ಕಾಪಾಡಿದ್ದರು. 2008ರಲ್ಲಿ ಇದು ವನುವಾಟುವಿನ ಮೊದಲ ವಿಶ್ವ ಪರಂಪರೆಯ ತಾಣವಾಯಿತು. ಇಂದು ಹೋದವರಿಗೆ ಆ ಜಾಗಗಳನ್ನು ತೋರಿಸಿ ಕಥೆ ಹೇಳುವವರು ಅಲ್ಲಿಯ ಲೆಲೆಪಾ, ಮಂಗಲಿಲಿಯು ಊರಿನವರೇ.

ಎಲ್ಲ ಕಡೆ ಹೀಗೆ ಸುಗಮವಾಗಿ ನಡೆಯಲಿಲ್ಲ. ನ್ಯೂಜಿಲೆಂಡ್‌ನ ವೈರಾವು ನದಿ ಸಮುದ್ರ ಸೇರುವಲ್ಲಿ ಒಂದು ಉದ್ದನೆಯ ಕಲ್ಲುಮರಳಿನ ದಂಡೆ ಇದೆ. 1939ರಲ್ಲಿ ಜಿಮ್ ಐಲ್ಸ್ ಎಂಬ 13 ವರ್ಷದ ಹುಡುಗ ಅಲ್ಲಿ ಅಗೆಯುತ್ತಿದ್ದಾಗ ಮೋವಾ ಹಕ್ಕಿಯ ಮೊಟ್ಟೆ ಸಿಕ್ಕಿತು. ಮೋವಾ ಎಂದರೆ ನಿರ್ನಾಮವಾದ, ಹಾರಲಾಗದ ಭಾರಿ ಹಕ್ಕಿ. ಮೊಟ್ಟೆಗೆ ತೂತು ಕೊರೆದು ನೀರಿನ ಪಾತ್ರೆ ಮಾಡಿಕೊಂಡಿದ್ದರು. ಜೊತೆಗೆ ಕಂಠಹಾರದ ಮಣಿಗಳು, ಮನುಷ್ಯರ ಎಲುಬುಗಳು. ನ್ಯೂಜಿಲೆಂಡಿಗೆ ಬಂದ ಮೊದಮೊದಲಿನ ಪಾಲಿನೇಷ್ಯನ್ನರ ನೆಲೆ ಇದು ಎಂದು ತಜ್ಞರು ಕುಣಿದರು. ಆದರೆ ಅಲ್ಲಿ ಮಲಗಿದ್ದವರು ರಂಗಿತಾನೆ ಕುಲದವರ ಹಿರಿಯರು. ಕುಲದವರು ಬೇಡವೆಂದರೂ ವರ್ಷಗಟ್ಟಲೆ ಅಗೆತ ನಡೆದು, ಎಲುಬುಗಳು ಕ್ರೈಸ್ಟ್‌ಚರ್ಚ್‌ನ ಮ್ಯೂಸಿಯಂ ಸೇರಿದವು. ಅವು ಮರಳಿ ಮಣ್ಣು ಕಂಡದ್ದು 2009ರ ಏಪ್ರಿಲ್‌ನಲ್ಲಿ. ಮರುಸಮಾಧಿಗೆ ಮುಂಚೆ ಕುಲದವರ ಒಪ್ಪಿಗೆಯೊಂದಿಗೇ ಒಟಾಗೊ ವಿಶ್ವವಿದ್ಯಾಲಯದವರು ಹಲ್ಲು, ಎಲುಬುಗಳನ್ನು ಅಭ್ಯಾಸ ಮಾಡಿ ಡಿಎನ್‌ಎ ತೆಗೆದರು. ಕೇಳಿದ್ದರಿಂದ ವಿಜ್ಞಾನಕ್ಕೆ ನಷ್ಟವೇನೂ ಆಗಲಿಲ್ಲ ಎಂಬುದನ್ನು ಗಮನಿಸಬೇಕು.

ಹವಾಯಿಯ ಮಾವಿ ದ್ವೀಪದ ಹೊನೊಕಹುವಾದಲ್ಲಂತೂ ಹೋಟೆಲೊಂದರ ತಳಪಾಯಕ್ಕಾಗಿ 900ಕ್ಕೂ ಹೆಚ್ಚು ಸಮಾಧಿಗಳನ್ನು ತೆರೆದಿದ್ದರು. 1988ರ ಕೊನೆಗೆ ಜನ ಬೀದಿಗಿಳಿದರು. ಅಗೆತ ನಿಂತಿತು, ಹೋಟೆಲ್ ಹಿಂದಕ್ಕೆ ಸರಿಯಿತು, ತೆಗೆದವರನ್ನು ಮತ್ತೆ ಅಲ್ಲೇ ಹೂಳಿದರು. 1990ರಲ್ಲಿ ರಾಜ್ಯದ ಸಮಾಧಿ ಕಾನೂನೂ, ದ್ವೀಪವಾರು ಸಮಾಧಿ ಮಂಡಳಿಗಳೂ ಬಂದವು.

ಫಿಜಿಯಲ್ಲಿ ಹೆಚ್ಚಿನ ಭೂಮಿ ಮೂಲನಿವಾಸಿ ಕುಲಗಳ ಸಾಮೂಹಿಕ ಒಡೆತನದಲ್ಲಿದೆ. ಊರಿಗೆ ಹೋದವರು ಮೊದಲು ಯಂಗೋನಾ ಬೇರಿನ ಕಟ್ಟನ್ನು ಮುಖಂಡರ ಮುಂದಿಟ್ಟು, ಚಾಪೆಯ ಮೇಲೆ ಕೂತು, ಬಂದ ಕಾರಣ ಹೇಳಬೇಕು. ಇದಕ್ಕೆ ಸೆವುಸೆವು ಎನ್ನುತ್ತಾರೆ. ಬೇರನ್ನು ಅರೆದು ನೀರಿಗೆ ಕಲಸಿ ತೆಂಗಿನ ಚಿಪ್ಪಿನಲ್ಲಿ ಕೊಟ್ಟರೆ ಕುಡಿಯಬೇಕು. ರುಚಿ ಮಣ್ಣು ಮಣ್ಣು, ನಾಲಿಗೆ ಜೋಮು ಹಿಡಿಯುತ್ತದೆ. ಪುರಾತತ್ವದ ಪಠ್ಯಪುಸ್ತಕಗಳಲ್ಲಿ ಉತ್ಖನನದ ಮೊದಲ ಹೆಜ್ಜೆ ಎಂದರೆ ನೆಲದ ಅಳತೆ. ಇಲ್ಲಿ ಅದು ಎರಡನೆಯದು. 2002ರಲ್ಲಿ ಮೊತುರಿಕಿ ದ್ವೀಪದ ನೈತಂಬಾಲೆಯಲ್ಲಿ ಲಪಿಟಾ ಕಾಲದ ಹೆಂಗಸಿನ ಅಸ್ಥಿಪಂಜರ ಸಿಕ್ಕಿ, ಜಪಾನಿನಲ್ಲಿ ಅವಳ ಮುಖವನ್ನು ಮರುರಚಿಸಿದರು. ಮಾನಾ ಎಂದು ಹೆಸರು ಪಡೆದ ಅವಳನ್ನೂ ಕೆಲಸ ಮುಗಿದ ಮೇಲೆ ಫಿಜಿಗೆ ತಂದು ಮಣ್ಣು ಮಾಡಿದರು.

ಅಪ್ಪಣೆ ಸಿಕ್ಕಿತು ಎನ್ನಿ. ಮುಂದೆ ಮಾಡುವುದೇನು? ಸಿನಿಮಾ ನೋಡಿ ಹೋದವರಿಗೆ ನಿರಾಸೆ ಕಾದಿದೆ. ಗುಂಡಿ ಸಾಮಾನ್ಯವಾಗಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ. ಅದರೊಳಗೆ ಒಬ್ಬರೋ ಇಬ್ಬರೋ ಕೂತು ಕರಣೆಯಿಂದ ಮಣ್ಣು ಕೆರೆಯುತ್ತಾರೆ. ಉಳಿದವರೆಲ್ಲ ಹೊರಗೆ. ಬಕೆಟ್ಟಿನಲ್ಲಿ ಬಂದ ಮಣ್ಣನ್ನು ಜರಡಿಗೆ ಸುರಿದು, ನೀರು ಹಾಕಿ, ಕೈಯಲ್ಲಿ ಆಡಿಸಿ, ಉಳಿದದ್ದನ್ನು ಬಿಸಿಲಿನಲ್ಲಿ ಒಣಗಿಸಿ ವಿಂಗಡಿಸಬೇಕು. ಚಿಪ್ಪು ಒಂದು ಕಡೆ, ಮೀನಿನ ಎಲುಬು ಒಂದು ಕಡೆ, ಇದ್ದಿಲು ಇನ್ನೊಂದು ಕಡೆ. ಇದ್ದಿಲಿಗೆ ಕೈ ತಾಗಿಸಬಾರದು. ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿ ಗುಂಡಿಯ ಸಂಖ್ಯೆ, ಪದರ, ಆಳ, ದಿನಾಂಕ ಬರೆಯಬೇಕು. ಈ ಚೀಟಿ ತಪ್ಪಿದರೆ ಒಳಗಿನ ವಸ್ತು ಎಷ್ಟು ಚೆಂದವಿದ್ದರೂ ಅರ್ಧ ಬೆಲೆಗೆ ಇಳಿಯುತ್ತದೆ.

ದ್ವೀಪದ ಮಣ್ಣಿಗೆ ಅದರದೇ ತಂಟೆಗಳಿವೆ. ನೆಲಏಡಿಗಳು ಬಿಲ ತೋಡಿ ಮೇಲಿನ ಮಣ್ಣನ್ನು ಕೆಳಕ್ಕೂ ಕೆಳಗಿನದನ್ನು ಮೇಲಕ್ಕೂ ಸಾಗಿಸುತ್ತವೆ. ಮೂರು ಸಾವಿರ ವರ್ಷದ ಪದರದಲ್ಲಿ ಬಾಟಲಿಯ ಗಾಜು ಕಂಡರೆ ಚರಿತ್ರೆ ತಲೆಕೆಳಗಾಗಿಲ್ಲ, ಏಡಿ ಹಾಗೆ ಮಾಡಿದೆ. ಬಿಲ ತುಂಬಿದ ಮಣ್ಣಿನ ಬಣ್ಣ ಸುತ್ತಲಿನದಕ್ಕಿಂತ ತುಸು ಬೇರೆಯಾಗಿ, ಮೆದುವಾಗಿ ಇರುತ್ತದೆ. ಅದನ್ನು ಕಂಡುಕೊಳ್ಳುವ ಕಣ್ಣು ಬರಲು ಹೊಸಬರಿಗೆ ಕೆಲವು ವಾರ ಬೇಕು.

ಬೇಸರದ ಈ ವಿಂಗಡಣೆಯಲ್ಲೇ ದೊಡ್ಡ ಉತ್ತರಗಳು ಅಡಗಿರುತ್ತವೆ. ಟೋಂಗಾದ ನುಕುಲೆಕಾದಲ್ಲಿ ಲಪಿಟಾ ಜನ ಮರ, ಚಿಪ್ಪು ಉಜ್ಜಲು ಹವಳದ ಕಡ್ಡಿಗಳನ್ನು ಅರದಂತೆ ಬಳಸುತ್ತಿದ್ದರು. ಸಮುದ್ರದಂಡೆಯಲ್ಲಿ ಹವಳದ ತುಂಡು ಯಾರಿಗೆ ಬೇಕು? ಆದರೆ ಸವೆದ ತುದಿ ನೋಡಿ ಎತ್ತಿಟ್ಟದ್ದರಿಂದ, ಕೆನಡಾದ ಡೇವಿಡ್ ಬರ್ಲಿ ತಂಡದವರು ಯುರೇನಿಯಂ ಮತ್ತು ಥೋರಿಯಂಗಳ ಅನುಪಾತ ಅಳೆದು 2012ರಲ್ಲಿ ಅದರ ವಯಸ್ಸು 2838 ವರ್ಷ, ಹೆಚ್ಚುಕಮ್ಮಿ 8 ವರ್ಷ ಎಂದು ಹೇಳಲು ಸಾಧ್ಯವಾಯಿತು. ಎಮೊರಿಯವರ 180ರಿಂದ ಎಂಟಕ್ಕೆ. ನ್ಯೂಜಿಲೆಂಡ್‌ನಲ್ಲಿ ಜ್ಯಾನೆಟ್ ವಿಲ್ಮ್‌ಶರ್ಸ್ಟ್ ಮತ್ತು ಸಂಗಡಿಗರು ಇಲಿ ಕಡಿದ ಬೀಜಗಳನ್ನು ಹುಡುಕಿದರು. ಆ ಇಲಿ ಜನರ ದೋಣಿಯಲ್ಲೇ ಬಂದದ್ದು, ಈಜಿ ಬಂದದ್ದಲ್ಲ. ಹಾಗಾಗಿ ಇಲಿಯ ಹಲ್ಲಿನ ಗುರುತಿರುವ ಅತಿ ಹಳೆಯ ಬೀಜ ಎಷ್ಟು ಹಳೆಯದೋ ಅಲ್ಲಿಗೆ ಜನ ಬಂದದ್ದೂ ಹೆಚ್ಚುಕಮ್ಮಿ ಅಷ್ಟೇ ಹಿಂದೆ. ಇಲಿ 2000 ವರ್ಷ ಹಿಂದೆಯೇ ಬಂದಿತ್ತು ಎಂಬ ಹಳೆಯ ವಾದ 2008ರಲ್ಲಿ ಬಿದ್ದುಹೋಯಿತು. ಹೊಸ ಲೆಕ್ಕ 1280ರ ಸುಮಾರು. ಬೀಜಗಳನ್ನು ಒಂದೊಂದಾಗಿ ಹೆಕ್ಕುವ ತಾಳ್ಮೆ ಇದ್ದರೆ ಸಾಕು, ಇಂಥ ಕೆಲಸಕ್ಕೆ ಪದವಿ ಆಮೇಲಿನ ಮಾತು.

ಅಗೆಯದೆ ಪಾಲ್ಗೊಳ್ಳುವ ದಾರಿಗಳೂ ಇವೆ. ನಿಜ ಹೇಳಬೇಕೆಂದರೆ ಈಗ ಅವೇ ಹೆಚ್ಚು ಬೇಕಾದವು. ಅಗೆದ ಜಾಗ ಅಲ್ಲಿಗೆ ಮುಗಿಯಿತು. ಅದೇ ಪುಟವನ್ನು ಎರಡನೇ ಸಲ ಓದಲಾಗದು. ನ್ಯೂಜಿಲೆಂಡ್ ಪುರಾತತ್ವ ಸಂಘ 1958ರಲ್ಲಿ ತಾಣಗಳನ್ನು ದಾಖಲಿಸುವ ಯೋಜನೆ ಶುರುಮಾಡಿತು. ರೈತರು, ಶಿಕ್ಷಕರು, ಗುಡ್ಡ ಹತ್ತುವ ಹವ್ಯಾಸದವರು ತಾವು ಕಂಡ ಹಳೆಯ ಕೋಟೆಯ ಕಂದಕ, ಗೆಣಸು ಕೂಡಿಡುತ್ತಿದ್ದ ಗುಂಡಿ, ಚಿಪ್ಪಿನ ರಾಶಿಗಳನ್ನು ಗುರುತುಮಾಡಿ ಕಳಿಸಿದರು. ಇಂದು ಆ ದಾಖಲೆಯಲ್ಲಿ ಸಾವಿರಾರು ತಾಣಗಳಿವೆ. ಕರಾವಳಿಯನ್ನು ಸಮುದ್ರ ಕೊರೆಯುತ್ತಿರುವ ಈ ಕಾಲದಲ್ಲಿ ಬಿರುಗಾಳಿಯ ಮರುದಿನ ದಂಡೆಗೆ ಹೋಗಿ ಏನು ಹೊರಬಿದ್ದಿದೆ, ಏನು ಕೊಚ್ಚಿಹೋಗಿದೆ ಎಂದು ಫೋಟೊ ತೆಗೆದಿಡುವವರು ಬೇಕು. ಫಿಜಿಯ ಸಿಗಾತೊಕಾ ಮರಳುದಿಬ್ಬಗಳಲ್ಲಿ ಗಾಳಿಯೇ ಲಪಿಟಾ ಬೋಕಿಗಳನ್ನು ಹೊರಹಾಕುತ್ತದೆ. ಸಿಕ್ಕಿದ್ದನ್ನು ಜೇಬಿಗಿಳಿಸದೆ ಜಾಗ ತಿಳಿಸುವುದೇ ಅಲ್ಲಿ ದೊಡ್ಡ ಸಹಾಯ.

ಮೈ ಬಗ್ಗಿಸುವ ಕೆಲಸ ಬೇಕೆನ್ನುವವರಿಗೆ ಹವಾಯಿಯ ಹೇಯಿಯಾ ಇದೆ. ಒವಾಹು ದ್ವೀಪದ ಕಾನೆಓಹೆ ಕೊಲ್ಲಿಯಲ್ಲಿರುವ ಇದು 88 ಎಕರೆಯ ಮೀನುಕೆರೆ. ಸಮುದ್ರದ ಅಂಚನ್ನು ಸುತ್ತುವ ಸುಮಾರು ಎರಡು ಕಿಲೊಮೀಟರ್ ಉದ್ದದ ಗೋಡೆಯನ್ನು 600ರಿಂದ 800 ವರ್ಷಗಳ ಹಿಂದೆ ಕಟ್ಟಿದರು. ಎರಡು ಕಡೆ ಅಗ್ನಿಶಿಲೆಯ ಸಾಲು, ನಡುವೆ ಹವಳದ ಚೂರಿನ ಭರ್ತಿ, ಅಗಲ 12ರಿಂದ 15 ಅಡಿ, ಗಾರೆ ಗೀರೆ ಏನೂ ಇಲ್ಲ. ಗೋಡೆಯ ನಡುನಡುವೆ ಮರದ ಸರಳಿನ ತೂಬುಗಳು. ಸಣ್ಣ ಮರಿಗಳು ಸರಳಿನ ಸಂದಿಯಿಂದ ಒಳಗೆ ಬರುತ್ತವೆ, ಕೆರೆಯ ಪಾಚಿ ತಿಂದು ದಪ್ಪಗಾಗುತ್ತವೆ, ಆಮೇಲೆ ಹೊರಗೆ ಹೋಗಲಾಗದು. ಮೇವು ಹಾಕುವ ಗೋಜಿಲ್ಲ. ಹೊಳೆಯ ಸಿಹಿನೀರು, ಸಮುದ್ರದ ಉಪ್ಪುನೀರು ಬೆರೆತು ಪಾಚಿ ತಾನೇ ಬೆಳೆಯುತ್ತದೆ.

1922ರಲ್ಲಿ ಹೊರಗಿನಿಂದ ತಂದು ನೆಟ್ಟ ಕಾಂಡ್ಲಾ ಗಿಡಗಳು ಗೋಡೆಯೊಳಗೆ ಬೇರಿಳಿಸಿ ಕಲ್ಲುಗಳನ್ನು ಸಡಿಲ ಮಾಡಿದವು. 1965ರ ಪ್ರವಾಹಕ್ಕೆ ಗೋಡೆ ಒಡೆಯಿತು. 2001ರಲ್ಲಿ ಹವಾಯಿಯ ಕೆಲವು ಯುವಕರು ಪೈಪೈ ಒ ಹೇಯಿಯಾ ಎಂಬ ಸಂಸ್ಥೆ ಕಟ್ಟಿ ದುರಸ್ತಿಗೆ ಇಳಿದರು. ರಜಾದಿನಗಳಲ್ಲಿ ಸಾರ್ವಜನಿಕರನ್ನು ಕರೆದು ಕೆಲಸಕ್ಕೆ ಹಚ್ಚುವುದು ಅವರ ಕ್ರಮ. ಬಂದವರು ಗಿಡ ಕಡಿಯುತ್ತಾರೆ, ಕೆಸರಲ್ಲಿ ಮೊಣಕಾಲವರೆಗೆ ನಿಂತು ಬಿದ್ದ ಕಲ್ಲು ಎತ್ತುತ್ತಾರೆ, ಸಾಲಾಗಿ ನಿಂತು ಹವಳದ ಬಕೆಟ್ಟನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. 2015ರ ಡಿಸೆಂಬರ್‌ನಲ್ಲಿ ಸುಮಾರು 2000 ಜನ ಸೇರಿ ಒಡೆದ ಬಾಯನ್ನು ಮುಚ್ಚಿದರು. ಕಲ್ಲು ಕೂರಿಸುವವನಿಗೆ ಪ್ರತಿ ಕಲ್ಲಿನಲ್ಲೂ ಹಳೆಯ ಕಟ್ಟುಗಾರ ಏಕೆ ಹಾಗೆ ಕೂರಿಸಿದ ಎಂಬುದು ಅಂಗೈಗೆ ತಿಳಿಯುತ್ತದೆ. ನೂರು ನಕ್ಷೆ ಬರೆದರೂ ಆ ತಿಳಿವಳಿಕೆ ಬಾರದು. ಇದನ್ನು ಪುರಾತತ್ವ ಎನ್ನಬಹುದೇ ಎಂದು ಮೂಗು ಮುರಿಯುವವರಿದ್ದಾರೆ. ಮುರಿಯಲಿ. ಟೆರ‍್ರಿ ಹಂಟ್ ಮತ್ತು ಕಾರ್ಲ್ ಲಿಪೊ ಎಂಬ ಪುರಾತತ್ವಜ್ಞರು ರಾಪಾ ನುಯಿಯ (ಈಸ್ಟರ್ ದ್ವೀಪದ) ಮೋವಾಯ್ ಪ್ರತಿಮೆಯ ನಾಲ್ಕು ಟನ್ನಿಗೂ ಹೆಚ್ಚು ಭಾರದ ಕಾಂಕ್ರೀಟ್ ಪ್ರತಿಕೃತಿಯನ್ನು ಮೂರು ಹಗ್ಗ, 18 ಜನರಿಂದ ಅತ್ತಿತ್ತ ಓಲಾಡಿಸುತ್ತ ನಡೆಸಿ ತೋರಿಸಿದ್ದೂ ಇದೇ ಜಾತಿಯ ಅರಿವು. ಹೊಕುಲೆಯಾ ಎಂಬ ಜೋಡಿದೋಣಿ ಯಂತ್ರಗಳಿಲ್ಲದೆ, ಸತಾವಲ್ ದ್ವೀಪದ ಮಾವು ಪಿಯೈಲುಗ್ ಅವರ ನಕ್ಷತ್ರಜ್ಞಾನದ ಮೇಲೆ 1976ರಲ್ಲಿ ಹವಾಯಿಯಿಂದ ತಹಿತಿ ತಲುಪಿದ್ದೂ ಅದೇ.

ಮನೆಯಲ್ಲೇ ಕೂತು ಮಾಡುವ ಕೆಲಸವೂ ಇತ್ತು. ಹವಾಯಿ ಭಾಷೆಯ ಪತ್ರಿಕೆಗಳು 1834ರಿಂದ ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆದವು. ಊರಿನ ಕಥೆ, ವಂಶಾವಳಿ, ಗಾಳಿಗೆ ಮಳೆಗೆ ಜನ ಇಟ್ಟ ಹೆಸರು, ಎಲ್ಲವನ್ನೂ ಓದುಗರೇ ಬರೆದು ಕಳಿಸುತ್ತಿದ್ದರು. ಒಂದು ಕಲ್ಲುಗುಡ್ಡೆ ಗುಡಿಯೋ ಗದ್ದೆಯ ಬದುವೋ ಎಂದು ತಿಳಿಯದೆ ತಲೆ ಕೆರೆದುಕೊಳ್ಳುವ ಪುರಾತತ್ವಜ್ಞರಿಗೆ ಈ ಪುಟಗಳು ಗಣಿ. 2011-12ರಲ್ಲಿ ಸಾವಿರಾರು ಸ್ವಯಂಸೇವಕರು ಪುಟಗಳ ಚಿತ್ರ ನೋಡಿ ಟೈಪ್ ಮಾಡಿ ಹುಡುಕಲು ಬರುವ ಪಠ್ಯವಾಗಿ ಮಾಡಿಕೊಟ್ಟರು. ಭಾಷೆ ಬಾರದವರೂ ಅಕ್ಷರ ನೋಡಿ ಅಕ್ಷರ ಒತ್ತಿದರು.

ಹೋಗಲೇಬೇಕೆನ್ನುವ ವಿದ್ಯಾರ್ಥಿಗಳಿಗೆ ವಿಶ್ವವಿದ್ಯಾಲಯಗಳ ಉತ್ಖನನ ಶಿಬಿರಗಳಿವೆ. ರಾಪಾ ನುಯಿಯಲ್ಲಿ ಹವಾಯಿ ವಿಶ್ವವಿದ್ಯಾಲಯದ್ದು, ಪಲಾವುನಲ್ಲಿ ಒರೆಗಾನ್ ವಿಶ್ವವಿದ್ಯಾಲಯದ್ದು ಹೀಗೆ ನಡೆದಿವೆ. ಪ್ರತಿ ವರ್ಷವೂ ಇರುತ್ತವೆ ಎಂದಿಲ್ಲ. ಇವು ನೌಕರಿಯಲ್ಲ, ಪಾಠ. ಸಂಬಳ ಬರುವುದಿಲ್ಲ, ಶುಲ್ಕ ನಾವೇ ಕಟ್ಟಬೇಕು, ಭಾರತದಿಂದ ಹೋಗುವವರಿಗೆ ವಿಮಾನದ ಖರ್ಚೇ ಕಣ್ಣು ಕತ್ತಲೆ ಬರಿಸುತ್ತದೆ. ಹವಾಯಿಯಲ್ಲಿ ಕೆಲವು ತರಬೇತಿಗಳು ಅಲ್ಲಿನ ಮೂಲನಿವಾಸಿ ಯುವಕರಿಗೇ ಮೀಸಲೆನ್ನುವಂತಿವೆ. ಅದು ನ್ಯಾಯವೇ, ತಮ್ಮ ಅಜ್ಜಿಯ ಎಲುಬಿನ ಮೇಲೆ ಇನ್ನೊಬ್ಬರು ಪ್ರಬಂಧ ಬರೆಯುವುದನ್ನು ಅವರು ನೋಡಿದ್ದು ಸಾಕು. ಉಳಿದ ಶಿಬಿರಗಳ ಜಾಹೀರಾತು ಕಂಡಾಗ ಸಮುದ್ರದ ನೀಲಿ ಬಣ್ಣ ಬಿಟ್ಟು ಬೇರೆಯದನ್ನು ನೋಡಬೇಕು. ಪರವಾನಗಿ ಕೊಟ್ಟವರು ಯಾರು, ಊರಿನವರಿಗೆ ಕೂಲಿ ಎಷ್ಟು, ಅವರ ಮಕ್ಕಳು ಜೊತೆಗೆ ಕಲಿಯುತ್ತಾರೆಯೇ, ಸಿಕ್ಕ ವಸ್ತು ಯಾವ ದೇಶದ ಮ್ಯೂಸಿಯಂಗೆ ಹೋಗುತ್ತದೆ, ಸಮಾಧಿ ಕಂಡರೆ ಕೆಲಸ ನಿಲ್ಲಿಸುವ ಅಧಿಕಾರ ಯಾರದು ಎಂದು ಪತ್ರ ಬರೆದು ಕೇಳಿ. ಒಳ್ಳೆಯ ತಂಡದವರು ಇಂಥ ಪ್ರಶ್ನೆಗೆ ಖುಷಿಯಿಂದ ಉದ್ದನೆಯ ಉತ್ತರ ಬರೆಯುತ್ತಾರೆ. ಉತ್ತರ ಹಾರಿಕೆಯದಾಗಿದ್ದರೆ ಶುಲ್ಕದ ದುಡ್ಡನ್ನು ಉಳಿಸಿಕೊಂಡು, ಎಂದಾದರೂ ಒವಾಹುವಿಗೆ ಹೋದಾಗ ಹೇಯಿಯಾದ ಕೆಸರಿನಲ್ಲಿ ಒಂದು ದಿನ ಕಲ್ಲು ಹೊರುವುದು ವಾಸಿ.